ಔಷಧ: ಅಂಗಡಿಯಿಂದ ಮನೆಯವರೆಗೆ



ಬಿತ್ತನೆಯ ಬೀಜವನ್ನು ತೇವದಲ್ಲಿಟ್ಟರೆ ಮೊಳಕೆ ಬಾರದೆಂಬುದು ನಮಗೆಲ್ಲರಿಗೂ ಗೊತ್ತು. ಔಷಧದ ಸಂಗತಿಯೂ ಹಾಗೆಯೇ. ಬಿಸಿಲು, ತೇವ, ಕಾಲ, ಈ ಮೂರೂ ಅದರ ಸತ್ವವನ್ನು ಕುಂದಿಸುತ್ತವೆ. ಆದರೆ ಕೆಟ್ಟ ಬೀಜ ಹೊಲದಲ್ಲಿ ಕಣ್ಣಿಗೆ ಕಾಣುತ್ತದೆ. ಕೆಟ್ಟ ಔಷಧ ಮೊದಲಿನ ಬಣ್ಣದಲ್ಲೇ ಇರಬಹುದು.

ಕಗ್ಗಲೀಪುರದ ಕಡೆಯ ರೈತರೊಬ್ಬರು ಮಗಳ ಸಕ್ಕರೆ ಕಾಯಿಲೆಗೆ ಜಯನಗರದಲ್ಲಿ ಇನ್ಸುಲಿನ್ ಕೊಂಡು, ಬನಶಂಕರಿಯಲ್ಲಿ ಬಸ್ಸು ಹತ್ತಿದರೆನ್ನೋಣ. ಅಂಗಡಿಯ ಫ್ರಿಜ್ಜಿನಲ್ಲಿದ್ದ ಸೀಸೆ ಈಗ ಬಿಸಿಲು ಬೀಳುವ ಕಿಟಕಿಯ ಪಕ್ಕದ ಚೀಲದಲ್ಲಿದೆ. ಸತ್ವ ಹೋದ ಇನ್ಸುಲಿನ್ ಚುಚ್ಚಿದರೆ ಸಕ್ಕರೆ ಇಳಿಯದು; ಮಗುವಿನ ಪ್ರಾಣಕ್ಕೇ ಅಪಾಯ. ಕಾನೂನಿನ ಕಾವಲು ಅಂಗಡಿಯ ಹೊಸ್ತಿಲವರೆಗೆ. ಅಲ್ಲಿಂದಾಚೆಗೆ ಕಾವಲು ನಮ್ಮದು.

ಕಾನೂನು ಹೇಳುವುದೇನು?

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 1945ರ ನಿಯಮಗಳು ಇದಕ್ಕೆ ಆಧಾರ. ಮುಖ್ಯವಾದ ಅಂಶಗಳು ಇವು:

1. ಲೈಸೆನ್ಸ್ ಇಲ್ಲದೆ ಔಷಧದ ಅಂಗಡಿ ನಡೆಸಕೂಡದು. ಲೈಸೆನ್ಸನ್ನು ಗಿರಾಕಿಗಳಿಗೆ ಕಾಣುವಂತೆ ಹಾಕಿರತಕ್ಕದ್ದು. ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಸ್ಥಳವೂ, ಔಷಧ ಕೆಡದಂತೆ ಇಡುವ ಏರ್ಪಾಡೂ ಇರಬೇಕು.

2. ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲಿಯೇ ಕೊಡತಕ್ಕದ್ದು.

3. ಅವಧಿ ಮೀರಿದ ಔಷಧವನ್ನು ಮಾರಕೂಡದು. ಮಾರಾಟಕ್ಕಲ್ಲವೆಂದು ಬರೆದು ಬೇರೆಯಾಗಿಡಬೇಕು.

4. ದನಕರುಗಳ ಔಷಧಕ್ಕೆ ಬೇರೆ ಕಪಾಟಾಗಲಿ ಬೇರೆ ಜಾಗವಾಗಲಿ ಇರಬೇಕು. ಅದರ ಚೀಟಿಯ ಮೇಲೆ ಸಾಕುಪ್ರಾಣಿಯ ತಲೆಯ ಗುರುತಿರುತ್ತದೆ. ಅದನ್ನು ಮನುಷ್ಯರು ಸೇವಿಸಬಾರದು.

ನಮ್ಮೂರ ಕಿರಾಣಿ ಅಂಗಡಿಯಲ್ಲಿ ಮಾತ್ರೆ ಸಿಗುತ್ತದಲ್ಲ ಎಂದು ಕೇಳಬಹುದು. ಜನಸಂಖ್ಯೆ 1,000 ಮೀರದ ಹಳ್ಳಿಗಳಲ್ಲಿ ಪ್ಯಾರಾಸಿಟಮಾಲ್ ಮಾತ್ರೆ, ನೋವಿನ ಮುಲಾಮು, ಬ್ಯಾಂಡೇಜು ಮುಂತಾದ ಕೆಲವು ಮನೆಮದ್ದುಗಳಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ ಉಂಟು. ಅವೂ ತಯಾರಕರ ಒಡೆಯದ ಪೊಟ್ಟಣದಲ್ಲಿಯೇ ಇರತಕ್ಕದ್ದು. ಚೀಟಿಯ ಔಷಧಗಳಿಗೆ ಈ ವಿನಾಯಿತಿ ಇಲ್ಲ.

ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಔಷಧವನ್ನು ಮನೆಬಾಗಿಲಿಗೇ ತಂದುಕೊಡುವ ಪದ್ಧತಿ ಬಂದಿದೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ, ಕೇಂದ್ರ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಾಗಲೂ ಅಂಗಡಿಗೆ ಲೈಸೆನ್ಸ್, ರೋಗಿಗೆ ವೈದ್ಯರ ಚೀಟಿ ಬೇಕೆಂದೂ, ಅದೇ ಕಂದಾಯ ಜಿಲ್ಲೆಯೊಳಗೆ ಮಾತ್ರ ತಲುಪಿಸಬೇಕೆಂದೂ ಕಟ್ಟು ಮಾಡಿತ್ತು.

ದಾರಿಯಲ್ಲಿ, ಮನೆಯಲ್ಲಿ

ಒಡೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನಲ್ಲಿಡಬೇಕು. ಕೊಳ್ಳುವಾಗ ತಂಪು ಚೀಲ ಕೇಳಿರಿ. ಮಂಜುಗಡ್ಡೆ ಸೀಸೆಗೆ ತಾಗದಂತೆ ನಡುವೆ ಬಟ್ಟೆ ಸುತ್ತಿರಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬಾರದು. ಮನೆಯ ಫ್ರಿಜ್ಜಿನಲ್ಲಿಯೂ ಬರ್ಫದ ಖಾನೆಯಲ್ಲಿಡಬೇಡಿ.

ಬಳಸಲು ತೊಡಗಿದ ಸೀಸೆ ತಂಪಾದ ನೆರಳಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಹೇಳಿದಂತೆ ನಡೆಯಿರಿ. ಫ್ರಿಜ್ಜಿಲ್ಲದ ಮನೆಯವರು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಸೀಸೆಯನ್ನು ನೀರು ತಾಗದಂತಿಡಬಹುದು. ಇದು ಫ್ರಿಜ್ಜಿನಷ್ಟು ತಂಪಾಗದು. ಆದುದರಿಂದ ಹೆಚ್ಚು ಸೀಸೆಗಳನ್ನು ಒಟ್ಟಿಗೆ ತರಬೇಡಿ.

ಉಳಿದ ಔಷಧಗಳನ್ನು ಒಲೆಯ ಗೂಡಿನಲ್ಲಿಯೂ, ಬೆಳೆಗೆ ಹೊಡೆಯುವ ಕೀಟನಾಶಕದ ಜೊತೆಯಲ್ಲಿಯೂ ಎಂದಿಗೂ ಇಡಬೇಡಿ. ಮಕ್ಕಳ ಕೈಗೆ ಎಟುಕದಿರಲಿ. ಮಾತ್ರೆ ಕತ್ತರಿಸುವಾಗ ಅವಧಿಯ ತಾರೀಖಿರುವ ತುದಿಯನ್ನು ಕಡೆಯವರೆಗೂ ಉಳಿಸಿರಿ.

ಸಂಶಯ ಬಂದರೆ?

ಔಷಧವನ್ನು ಎಸೆಯಬೇಡಿ. ಬಿಲ್ಲು, ಪೊಟ್ಟಣಗಳೊಡನೆ ಔಷಧ ಪರಿವೀಕ್ಷಕರಿಗೆ ತಿಳಿಸಿರಿ. ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯುವ ಹಕ್ಕನ್ನು ಕಾಯ್ದೆಯ 26ನೆಯ ಪ್ರಕರಣ ಯಾರಿಗೂ ಕೊಟ್ಟಿದೆ. ಆದರೆ ಬಿಲ್ಲಿಲ್ಲದೆ ಇಂಥ ಅಂಗಡಿಯಲ್ಲಿಯೇ ಕೊಂಡೆನೆಂದು ತೋರಿಸುವುದು ಕಷ್ಟ. ಆದುದರಿಂದ ಹತ್ತು ರೂಪಾಯಿಯ ಮಾತ್ರೆಗೂ ಬಿಲ್ಲು ಕೇಳಿ ಪಡೆಯಿರಿ.