ಮುಂಗಡ ಶುಲ್ಕ ಇನ್ನೂ ನಿಮ್ಮ ಹಣವಲ್ಲ

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ಹೋದಾಗ ಒಬ್ಬಿಬ್ಬರಾದರೂ ಹತ್ತಿರ ಬಂದು ಕೇಳುತ್ತಾರೆ. “ನಾನೂ ನಿಮ್ಮ ಹಾಗೆ ತಾಯಂದಿರಿಗೆ ಫಿಟ್‌ನೆಸ್ ಕ್ಲಾಸ್ ಶುರು ಮಾಡ್ಬೇಕು ಅಂತಿದೀನಿ ಅಕ್ಕ, ಬಂಡವಾಳ ಎಷ್ಟು ಬೇಕಾಗುತ್ತೆ?” ಬಂಡವಾಳದ ಮಾತು ಸುಲಭ. ಮ್ಯಾಟು, ರೆಸಿಸ್ಟೆನ್ಸ್ ಬ್ಯಾಂಡು, ಹಗುರ ಡಂಬೆಲ್ಲು, ಒಂದು ಸ್ಪೀಕರ್ ಇದ್ದರೆ ಸಾಕು. ಟ್ರೆಡ್‌ಮಿಲ್ ಬೇಡವೇ ಬೇಡ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ. ಮೇ ತಿಂಗಳ ಬಾಡಿಗೆ ಎಲ್ಲಿಂದ ಕಟ್ಟುತ್ತೀರಿ?

ಹೈದರಾಬಾದಿನಲ್ಲಿ ತಾಯಂದಿರ ಕ್ಯಾಲೆಂಡರ್ ಎಂದರೆ ಮಕ್ಕಳ ಶಾಲೆಯ ಕ್ಯಾಲೆಂಡರ್. ಏಪ್ರಿಲ್ ಕೊನೆಯಲ್ಲಿ ಶಾಲೆ ಮುಚ್ಚಿದರೆ ಮತ್ತೆ ತೆರೆಯುವುದು ಜೂನ್ ಎರಡನೇ ವಾರಕ್ಕೆ. ಬತುಕಮ್ಮ, ದಸರಾ ರಜೆ ಉದ್ದ. ಸಂಕ್ರಾಂತಿಗೆ ಅರ್ಧ ಊರೇ ವಿಜಯವಾಡ ಹೆದ್ದಾರಿಯ ಪಂತಂಗಿ ಟೋಲ್‌ನಲ್ಲಿ ಸಾಲು ನಿಂತಿರುತ್ತದೆ. ಇದರ ನಡುವೆ ಮಗುವಿಗೆ ಜ್ವರ, ಅತ್ತೆಗೆ ಆಸ್ಪತ್ರೆ, ಯೂನಿಟ್ ಟೆಸ್ಟ್. ಹೀಗಾಗಿ ಜನವರಿಯಲ್ಲಿ ತುಂಬಿ ತುಳುಕುವ ಬ್ಯಾಚ್ ಮೇ ತಿಂಗಳಲ್ಲಿ ಖಾಲಿ ಹೊಡೆಯುತ್ತದೆ. ಬಾಡಿಗೆಗೆ, ಟ್ರೇನರ್ ಸಂಬಳಕ್ಕೆ ಮಾತ್ರ ರಜೆಯಿಲ್ಲ.

ಇದಕ್ಕೆ ಸಾಮಾನ್ಯ ಜಿಮ್‌ಗಳು ಕಂಡುಕೊಂಡ ದಾರಿ ವಾರ್ಷಿಕ ಪ್ಯಾಕೇಜು. ಹೊಸ ವರ್ಷದ ಹುರುಪಿನಲ್ಲಿ ಇಡೀ ವರ್ಷದ ಹಣ ಕಟ್ಟಿಸಿಕೊಂಡು, ಅದನ್ನೇ ಕನ್ನಡಿ, ಎಸಿ, ಬೋರ್ಡಿಗೆ ಸುರಿಯುವುದು. ತಾಯಂದಿರ ಕ್ಲಾಸಿಗೆ ಈ ದಾರಿ ಹಿಡಿಯಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ. ಕ್ಲಾಸ್ ನಡೆಸುವವರೆಗೆ ಆ ಹಣ ಆದಾಯವಲ್ಲ, ನಮ್ಮ ತಲೆಯ ಮೇಲಿರುವ ಸಾಲ. ಮತ್ತೆ ಗರ್ಭಿಣಿಯಾದವಳು, ಗಂಡನಿಗೆ ಬೆಂಗಳೂರಿಗೆ ವರ್ಗವಾದವಳು ಉಳಿದ ಹಣ ವಾಪಸ್ ಕೇಳಿದರೆ ಕೊಡುವುದೇ ನ್ಯಾಯ. ನಾನು ಮೂರು ತಿಂಗಳಿಗಿಂತ ಹೆಚ್ಚಿನ ಶುಲ್ಕ ತೆಗೆದುಕೊಳ್ಳುವುದಿಲ್ಲ. ಬಂದದ್ದು ಒಂದು ಬೇರೆಯೇ ಬ್ಯಾಂಕ್ ಖಾತೆಗೆ ಹೋಗುತ್ತದೆ. ತಿಂಗಳು ಮುಗಿದ ಮೇಲೆ ಆ ತಿಂಗಳ ಪಾಲನ್ನಷ್ಟೇ ಖರ್ಚಿನ ಖಾತೆಗೆ ವರ್ಗಾಯಿಸುತ್ತೇನೆ. ಮಗುವಿಗೆ ಹುಷಾರಿಲ್ಲದೆ ಬಾರದ ವಾರಗಳನ್ನು ಮುಂದಕ್ಕೆ ಹಾಕಿಕೊಡುತ್ತೇನೆ. ಇದು ಔದಾರ್ಯವಲ್ಲ, ಜೂನ್‌ನಲ್ಲಿ ಅವರು ಮರಳಿ ಬರಲು ಇದೇ ಕಾರಣ. ಹೊಸಬರನ್ನು ಸೇರಿಸಲು ಇನ್‌ಸ್ಟಾಗ್ರಾಂ ಜಾಹೀರಾತಿಗೆ ಹಣ ಸುರಿಯುವುದಕ್ಕಿಂತ ಇದ್ದವರು ಉಳಿಯುವುದು ಅಗ್ಗ.

ಜಾಗದ ವಿಷಯದಲ್ಲಿ ತಾಯಂದಿರ ಬಿಡುವೇ ನಮಗೆ ಲಾಭ. ಜಿಮ್ ತುಂಬುವುದು ಬೆಳಿಗ್ಗೆ ಆರರಿಂದ ಎಂಟು, ಮತ್ತೆ ಸಂಜೆ. ಆ ಹೊತ್ತಿನಲ್ಲಿ ತಾಯಂದಿರು ಅಡುಗೆಮನೆಯಲ್ಲಿರುತ್ತಾರೆ. ಶಾಲೆ ಬಸ್ ಹೋದ ಮೇಲೆ, ಒಂಬತ್ತೂವರೆಯಿಂದ ಹನ್ನೆರಡರವರೆಗೆ ಅವರಿಗೆ ಬಿಡುವು, ಡ್ಯಾನ್ಸ್ ಸ್ಕೂಲ್‌ಗಳ ಹಾಲ್ ಬಿಕೋ ಎನ್ನುವ ಹೊತ್ತೂ ಅದೇ. ಕೊಂಡಾಪುರದಲ್ಲಿ ನಾನು ಶುರು ಮಾಡಿದ್ದು ಅಂಥದೊಂದು ಹಾಲ್‌ನಲ್ಲಿ, ಗಂಟೆ ಲೆಕ್ಕದ ಬಾಡಿಗೆಗೆ. ಸಣ್ಣದಾಗಿ ಶುರು ಮಾಡಿದರೆ ಬೆಳೆಯುವುದಿಲ್ಲ ಎಂದೇನಿಲ್ಲ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಲೀಸಾ ಡ್ರಕ್ಸ್‌ಮನ್ 2001ರಲ್ಲಿ ಸ್ಟ್ರೋಲರ್ ಸ್ಟ್ರೈಡ್ಸ್ ಎಂಬ ತಾಯಂದಿರ ವ್ಯಾಯಾಮ ತರಗತಿ ಆರಂಭಿಸಿದಾಗ ಮಗುವಿನ ತಳ್ಳುಗಾಡಿಯೇ ವ್ಯಾಯಾಮದ ಸಲಕರಣೆಯಾಗಿತ್ತು. ಮುಂದೆ ಅದೇ ಫ್ರಾಂಚೈಸಿಯಾಗಿ ಬೆಳೆಯಿತು. ಸ್ವಂತ ಹಾಲ್ ಹಿಡಿಯುವುದು ಎರಡು ಬ್ಯಾಚ್ ತುಂಬಿ, ಮೂರನೆಯದಕ್ಕೆ ಜನ ಕಾಯುತ್ತಿರುವಾಗ ಮಾತ್ರ.

ಖರ್ಚಿನಲ್ಲಿ ಕೈ ಬಿಗಿ ಮಾಡಬಾರದ ಜಾಗ ಒಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದ ಹೆರಿಗೆಗಳಲ್ಲಿ ಶೇ 60.7ರಷ್ಟು ಸಿಸೇರಿಯನ್, ದೇಶದಲ್ಲೇ ಅತಿ ಹೆಚ್ಚು. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿರುತ್ತದೆ. ಹೊಸದಾಗಿ ಸೇರಿದವರನ್ನು ಫಿಸಿಯೋಥೆರಪಿಸ್ಟ್ ಮ್ಯಾಟ್ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಿಸಿ, ತಲೆ ತುಸು ಎತ್ತಲು ಹೇಳಿ, ಹೊಕ್ಕುಳಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಎರಡೂ ಬದಿಯ ಸ್ನಾಯುಗಳ ನಡುವೆ ಬೆರಳುಗಳು ಒಳಗಿಳಿದರೆ ಆಕೆಗೆ ಕ್ರಂಚಸ್ ಇಲ್ಲ, ಮೊದಲು ಉಸಿರಾಟದ ವ್ಯಾಯಾಮ. ವೈದ್ಯರ ಒಪ್ಪಿಗೆ ಚೀಟಿ ಇಲ್ಲದೆ ಬಾಣಂತಿಯರನ್ನು ಸೇರಿಸುವುದಿಲ್ಲ. ಫಿಸಿಯೋಥೆರಪಿಸ್ಟ್‌ಗೆ ಕೊಡುವ ಹಣ ನನ್ನ ಲೆಕ್ಕಪುಸ್ತಕದಲ್ಲಿ ಬಾಡಿಗೆಯಷ್ಟೇ ಖಾಯಂ. ತೂಕ ಇಳಿಸುವ ಭರವಸೆ ಕೊಟ್ಟು ಹೊಲಿಗೆ ನೋಯಿಸಿದರೆ ಆಕೆಯ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಿಂದ ಮತ್ತೊಬ್ಬಳು ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಂಬಿ ಬಂದ ಹೆಣ್ಣುಮಗಳಿಗೆ ಹಾಗೆ ಮಾಡುವ ಹಕ್ಕು ನಮಗಿಲ್ಲ.

ಇನ್ನು ಬೆಳವಣಿಗೆಯ ಲೆಕ್ಕ. ಉದಾಹರಣೆಗೆ 70 ಮಂದಿ, ತಿಂಗಳಿಗೆ ತಲಾ 2,500 ರೂಪಾಯಿ ಎನ್ನಿ. ತಿಂಗಳಿಗೆ 1,75,000, ವರ್ಷಕ್ಕೆ 21 ಲಕ್ಷ. ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಅಂದರೆ ಎಪ್ಪತ್ತನೆಯವಳು ಸೇರುವ ಹೊತ್ತಿಗೆ ನಿಮ್ಮ ವ್ಯವಹಾರದ ಸ್ವರೂಪವೇ ಬದಲಾಗಿರುತ್ತದೆ. ಜಿಮ್, ಯೋಗ ಕೇಂದ್ರಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ 5ಕ್ಕೆ ಇಳಿದಿದೆ ಎಂದು ಹಿಗ್ಗಿದವರು ಬಹಳ. ಆದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ, ಅಂದರೆ ಖರ್ಚಿನ ಮೇಲೆ ನಾವು ಕಟ್ಟಿದ ತೆರಿಗೆಯನ್ನು ಇದರಲ್ಲಿ ಕಳೆಯುವಂತಿಲ್ಲ. ತಾಯಂದಿರ ಹತ್ತಿರ ಹೆಚ್ಚು ಹಣ ಕೇಳದೆ 2,500ರಲ್ಲೇ ತೆರಿಗೆ ಸೇರಿಸಿದರೆ ತಿಂಗಳಿಗೆ 8,333 ರೂಪಾಯಿ ಕೈತಪ್ಪುತ್ತದೆ. ಕಟ್ಟಡದ ಮಾಲೀಕರು ನೋಂದಣಿ ಮಾಡಿಸಿಲ್ಲದಿದ್ದರೆ ವಾಣಿಜ್ಯ ಬಾಡಿಗೆಯ ಮೇಲಿನ ಶೇ 18 ಕೂಡ 2024ರ ಅಕ್ಟೋಬರ್‌ನಿಂದ ನೋಂದಾಯಿತ ಬಾಡಿಗೆದಾರರೇ ಕಟ್ಟಬೇಕು. ಬಾಡಿಗೆ 35,000 ಆದರೆ 6,300. ಎರಡೂ ಸೇರಿ 14,633. ಇದು ಬಹುತೇಕ ಆರು ಮಂದಿಯ ಶುಲ್ಕ.

ಸಣ್ಣವರಿಗೆ ಜಿಎಸ್‌ಟಿಯಲ್ಲೇ ಕಾಂಪೋಸಿಷನ್ ಎಂಬ ಯೋಜನೆಯಿದೆ. 50 ಲಕ್ಷದವರೆಗೆ ವಹಿವಾಟಿನ ಶೇ 6. ಇದೇ ಲೆಕ್ಕಕ್ಕೆ 10,500, ವಾಣಿಜ್ಯ ಬಾಡಿಗೆಯ ಮೇಲಿನ ಆ ಹೊರೆಯೂ ಇಲ್ಲ. ಆದರೆ ಬೇರೆ ರಾಜ್ಯದವರಿಗೆ ಸೇವೆ ಕೊಡುವಂತಿಲ್ಲ. ಬೆಂಗಳೂರಿಗೆ ಹೋದ ಹಳೆಯ ವಿದ್ಯಾರ್ಥಿನಿಯರಿಗೆ ಆನ್‌ಲೈನ್ ಕ್ಲಾಸ್ ನಡೆಸುವವರಿಗೆ ಇದು ಒಗ್ಗುವುದಿಲ್ಲ. ಎರಡನೇ ಶಾಖೆಗೆ ಅಡಮಾನವಿಲ್ಲದ ಮುದ್ರಾ ಸಾಲ ಸಿಗುತ್ತದೆ, ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ. ಅದರ ಕಂತನ್ನು ಜನವರಿಯ ಗಳಿಕೆ ನೋಡಿ ತೀರ್ಮಾನಿಸಬೇಡಿ, ಮೇ ತಿಂಗಳ ಗಳಿಕೆ ನೋಡಿ ತೀರ್ಮಾನಿಸಿ.

ತಿಂಗಳ ವಹಿವಾಟು ಒಂದೂವರೆ ಲಕ್ಷ ಮುಟ್ಟಿದ ದಿನ ಬಾಡಿಗೆ ಕರಾರು, ಶುಲ್ಕದ ಪಟ್ಟಿ, ಎರಡೂ ಖಾತೆಗಳ ಸ್ಟೇಟ್‌ಮೆಂಟ್ ಹಿಡಿದು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಎದುರು ಕೂತುಕೊಳ್ಳಿ. ಎಪ್ಪತ್ತನೆಯ ತಾಯಿಯನ್ನು ಅದಾದ ಮೇಲೆ ಸೇರಿಸಿಕೊಳ್ಳಿ.