ಮಾರಾಟದ ಮಾತು: ವಾಟ್ಸ್‌ಆ್ಯಪ್ ವ್ಯಾಪಾರ ಮತ್ತು ಗಡಿಭಾಗದ ಕನ್ನಡ

ವ್ಯವಹಾರ ಕನ್ನಡವೆಂದು ನಾವು ಓದುವ ಪಾಠಗಳಲ್ಲಿ ಜಾಹೀರಾತು ಎಂಬುದೊಂದು ಭಾಗವಿರುತ್ತದೆ. ಅಲ್ಲಿ ಬರುವ ಉದಾಹರಣೆಗಳೆಲ್ಲ ಪತ್ರಿಕೆಯ ಪುಟಕ್ಕೆ ಅಥವಾ ಆಕಾಶವಾಣಿಗೆ ಸಿದ್ಧವಾದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಮನೆಗಳಲ್ಲಿ ನಡೆಯುವ ಸಣ್ಣ ವ್ಯಾಪಾರಗಳಿಗೆ ಅಂಥ ಜಾಹೀರಾತನ್ನು ಕೊಡುವ ಶಕ್ತಿ ಎಂದೂ ಇರಲಿಲ್ಲ. ಈಗ ಅವುಗಳ ಕೈಗೆ ಮೊಬೈಲು ಬಂದಿದೆ. 2018ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಪ್ರತ್ಯೇಕ ಆ್ಯಪ್ ಬಂದಿತು. ಮರುವರ್ಷ ಸರಕಿನ ಚಿತ್ರ, ವಿವರ, ಬೆಲೆಗಳನ್ನು ಅಂಗಡಿಯ ಕಪಾಟಿನಂತೆ ಜೋಡಿಸಿಡುವ ಕ್ಯಾಟಲಾಗ್ ಸೌಲಭ್ಯವೂ ಅದಕ್ಕೆ ಸೇರಿತು. ಉಪಕರಣ ಉಚಿತವಾಗಿದೆ. ಆದರೆ ಅದರೊಳಗೆ ತುಂಬಬೇಕಾದ ಮಾತನ್ನು ಯಾರು ಬರೆಯಬೇಕು, ಹೇಗೆ ಬರೆಯಬೇಕು ಎಂಬುದು ಭಾಷೆಯ ಪ್ರಶ್ನೆ. ಆದ್ದರಿಂದ ಅದು ಐಚ್ಛಿಕ ಕನ್ನಡ ಓದುವವರ ಪ್ರಶ್ನೆಯೂ ಹೌದು.

ಚರ್ಚೆಯ ಅನುಕೂಲಕ್ಕಾಗಿ ಒಂದೇ ಸರಕನ್ನು ಇಟ್ಟುಕೊಳ್ಳೋಣ: ಜೋಳದ ಖಡಕ್ ರೊಟ್ಟಿ, ಅದರ ಜೊತೆಗೆ ಶೇಂಗಾ ಹಿಂಡಿ. ನಿಮ್ಮಲ್ಲಿ ಹಲವರ ಮನೆಯಲ್ಲಿಯೋ ಓಣಿಯಲ್ಲಿಯೋ ಇದನ್ನು ಮಾಡಿ ಮಾರುವ ತಾಯಂದಿರು ಇದ್ದಾರೆ. ಅವರ ಮೊಬೈಲಿನಿಂದ ಹೊರಡುವ ಸಂದೇಶಗಳನ್ನು ಬರೆದುಕೊಡುವವರು ಸಾಮಾನ್ಯವಾಗಿ ಕಾಲೇಜಿಗೆ ಹೋಗುವ ಮಕ್ಕಳೇ, ಅಂದರೆ ನೀವೇ.

ಬರೆಯುವ ಮೊದಲು ಕೇಳಿಕೊಳ್ಳಬೇಕಾದದ್ದು, ಇದನ್ನು ಓದುವವರು ಯಾರು ಎಂದು. ನಮ್ಮ ರೊಟ್ಟಿಗೆ ಕನಿಷ್ಠ ಮೂರು ಬಗೆಯ ಗಿರಾಕಿಗಳಿದ್ದಾರೆ. ಊರಿನಲ್ಲಿಯೇ ಇರುವ ಮರಾಠಿ ಮಾತಿನವರು. ಇಂಡಿ, ಅಫಜಲಪುರ, ಅಕ್ಕಲಕೋಟೆಗಳಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬದವರು. ಯಾರದೋ ಮನೆಯಲ್ಲಿ ಒಮ್ಮೆ ರುಚಿ ನೋಡಿ ಮತ್ತೆ ಬಯಸುವ ಬೆಂಗಳೂರು, ಮೈಸೂರಿನವರು. ಮೊದಲಿನವರಿಗೆ ಮರಾಠಿಯಲ್ಲಿಯೇ ಬರೆಯಬೇಕು, ಅದರಲ್ಲಿ ಸಂಕೋಚವಿಲ್ಲ. ಗಿರಾಕಿಯ ಭಾಷೆಯಲ್ಲಿ ಮಾತಾಡುವುದು ವ್ಯಾಪಾರಿಯ ಮರ್ಯಾದೆ. ತೊಡಕಿರುವುದು ಉಳಿದ ಇಬ್ಬರಲ್ಲಿ. ಇಬ್ಬರೂ ಕನ್ನಡಿಗರೇ ಆದ್ದರಿಂದ ಒಂದೇ ಸಂದೇಶ ಸಾಕೆಂದು ನಾವು ಭಾವಿಸುತ್ತೇವೆ.

‘ಹಿಂಡಿ’ ಎಂಬ ಪದವನ್ನೇ ನೋಡಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಎಂದರೆ ಪುಣೆಯಲ್ಲಿರುವ ವಿಜಯಪುರದ ಮನುಷ್ಯನಿಗೆ ಅಜ್ಜಿಯ ಒರಳು ನೆನಪಾಗುತ್ತದೆ. ಆ ಒಂದು ಪದ ಹತ್ತು ಹೊಗಳಿಕೆಯ ವಾಕ್ಯಗಳ ಕೆಲಸ ಮಾಡುತ್ತದೆ. ಅದೇ ಪದವನ್ನು ಮೈಸೂರಿನ ಕಡೆಯವರು ಓದಿದರೆ ಅವರ ಕಣ್ಣಮುಂದೆ ಬರುವುದು ಎಣ್ಣೆ ತೆಗೆದ ಮೇಲೆ ಉಳಿಯುವ, ದನಗಳಿಗೆ ಹಾಕುವ ಹಿಂಡಿ. ಅವರಿಗೆ ‘ಕಡಲೆಕಾಯಿ ಚಟ್ನಿಪುಡಿ’ ಎನ್ನಬೇಕು. ಗುರೆಳ್ಳು ಅವರಲ್ಲಿ ಹುಚ್ಚೆಳ್ಳು. ಹಾಗೆಂದು ಹಿಂಡಿ ಎಂಬ ಪದವನ್ನೇ ಕೈಬಿಟ್ಟು ಎಲ್ಲರಿಗೂ ಚಟ್ನಿಪುಡಿ ಎಂದರೆ ಪುಣೆಯ ಗಿರಾಕಿಗೆ ಅದು ಅಂಗಡಿಯಲ್ಲಿ ಸಿಗುವ ಯಾವುದೋ ಪೊಟ್ಟಣದಂತೆ ಕಾಣುತ್ತದೆ. ಪ್ರಾದೇಶಿಕ ಪ್ರಭೇದಗಳ ಪಾಠದಲ್ಲಿ ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ವ್ಯತ್ಯಾಸಗಳು ಇಲ್ಲಿ ರೂಪಾಯಿಗಳಾಗಿ ಬರುತ್ತವೆ, ಇಲ್ಲವೆ ಬರದೆ ಹೋಗುತ್ತವೆ.

ಇದಕ್ಕೆ ಪರಿಹಾರ ಉಪಕರಣದಲ್ಲಿಯೇ ಇದೆ. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರವರೆಗೆ ಸೇರಿಸಬಹುದು. ಪ್ರತಿಯೊಬ್ಬರಿಗೂ ಸಂದೇಶ ಬಿಡಿಯಾಗಿ ತಲಪುತ್ತದೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಎಲ್ಲರನ್ನೂ ಒಂದೇ ಪಟ್ಟಿಗೆ ತುರುಕದೆ ಮೂರು ಪಟ್ಟಿ ಮಾಡಿ, ಮೂರು ಸಂದೇಶ ಬರೆಯಿರಿ. ಒಂದು ಸಂಗತಿ ಗಮನದಲ್ಲಿರಲಿ: ನಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಈ ಸಂದೇಶ ಮುಟ್ಟುತ್ತದೆ. ಎಷ್ಟೋ ಮನೆಗಳಲ್ಲಿ ‘ಕಳಿಸಿದ್ದೇವೆ, ಯಾರೂ ಉತ್ತರ ಕೊಡಲಿಲ್ಲ’ ಎಂಬ ಕೊರಗಿಗೆ ಇದೇ ಕಾರಣ. ರೊಟ್ಟಿಯ ಕಟ್ಟಿನ ಮೇಲೆ ಸಂಖ್ಯೆ ಅಚ್ಚಾಗಿರಲಿ, ಕೊಡುವಾಗ ‘ಉಳಿಸಿಕೊಳ್ಳಿ’ ಎಂದು ಬಾಯಿಬಿಟ್ಟು ಹೇಳಲಿ.

ಇನ್ನು ಎರಡು ಭಾಷೆಗಳ ನಡುವೆ ಬೆಳೆದ ನಮಗೇ ವಿಶೇಷವಾದ ಒಂದು ಅಪಾಯ. ಮರಾಠಿ ಮತ್ತು ಕನ್ನಡ ಎರಡರಲ್ಲಿಯೂ ಓದಿದವರಿಗೆ ಹಲವು ಪದಗಳು ಎರಡೂ ಮನೆಯ ನೆಂಟರಂತೆ ಕಾಣುತ್ತವೆ. ಆದರೆ ಗಡಿ ದಾಟಿದೊಡನೆ ಅವು ಬೇರೆಯೇ ಅರ್ಥ ತೊಡುತ್ತವೆ. ಮರಾಠಿಯ ‘ವ್ಯವಸಾಯ’ ಎಂದರೆ ಉದ್ಯೋಗ, ವ್ಯಾಪಾರ. ಕನ್ನಡದ ವ್ಯವಸಾಯ ಎಂದರೆ ಒಕ್ಕಲುತನ. ‘ನಮ್ಮ ವ್ಯವಸಾಯಕ್ಕೆ ಬೆಂಬಲ ನೀಡಿ’ ಎಂದು ಬರೆದರೆ ಬೆಂಗಳೂರಿನ ಓದುಗರು ಇವರಿಗೆ ಹೊಲವಿದೆ ಎಂದುಕೊಳ್ಳುತ್ತಾರೆ. ‘ಸವಲತ್’ ಮರಾಠಿಯಲ್ಲಿ ಬೆಲೆಯ ಕಡಿತ, ಕನ್ನಡದ ‘ಸವಲತ್ತು’ ಸೌಲಭ್ಯ. ‘ಶೇಕಡಾ 10 ಸವಲತ್ತು’ ಎಂಬುದು ಕನ್ನಡದಲ್ಲಿ ಅರ್ಥವಾಗದ ಮಾತು, ‘ರಿಯಾಯಿತಿ’ ಎನ್ನಬೇಕು. ‘ಅನುಮಾನ’ ಅಲ್ಲಿ ಅಂದಾಜು, ಇಲ್ಲಿ ಸಂಶಯ. ಸರಕು ತಲಪುವ ದಿನದ ಬಗ್ಗೆ ಗಿರಾಕಿಗೆ ‘ಅನುಮಾನ’ ತಿಳಿಸಿದರೆ ಏನಾದೀತೆಂದು ನೀವೇ ಊಹಿಸಿ.

ಲಿಪಿಯ ಪ್ರಶ್ನೆ ಇನ್ನೂ ಗಂಭೀರ. ಕನ್ನಡದ ಕೀಲಿಮಣೆ ಮೊಬೈಲಿನಲ್ಲಿ ಇದ್ದರೂ ನಮ್ಮ ಹುಡುಗರು ರೋಮನ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ. ತೊಗರಿ ಮಾರುವ ಅಂಗಡಿಯ ಸಂದೇಶವನ್ನು ಅದರಲ್ಲಿ ಬರೆದು ನೋಡಿ. ಬೆಲೆ, ಬೆಳೆ, ಬೇಳೆ ಮೂರೂ ಸಾಮಾನ್ಯವಾಗಿ ಒಂದೇ ಕಾಗುಣಿತ ಪಡೆಯುತ್ತವೆ. ತೊಗರಿಯ ಬೆಲೆ ಚೆನ್ನಾಗಿದೆಯೋ, ಬೆಳೆ ಚೆನ್ನಾಗಿದೆಯೋ, ಬೇಳೆ ಚೆನ್ನಾಗಿದೆಯೋ? ಹೈನದ ವ್ಯಾಪಾರಿಯ ಪಾಡು ಇನ್ನೂ ಕಷ್ಟ, ಅಲ್ಲಿ ಹಾಲು ಮತ್ತು ಹಾಳು ಒಂದೇ ಆಗಿಬಿಡುತ್ತವೆ. ಕೆಲವರು ಕನ್ನಡವನ್ನು ದೇವನಾಗರಿಯಲ್ಲಿ ಬರೆಯುತ್ತಾರೆ. ಮರಾಠಿಯಲ್ಲಿ ಳಕಾರ ಇರುವುದರಿಂದ ಹಾಲು ಹಾಳಾಗುವುದು ತಪ್ಪುತ್ತದೆ. ಆದರೆ ಹ್ರಸ್ವ ಎ, ಒ ಗಳಿಗೆ ಆ ಬರವಣಿಗೆಯಲ್ಲಿ ಬೇರೆ ಗುರುತು ಇಲ್ಲದ್ದರಿಂದ ಬೆಳೆಗೂ ಬೇಳೆಗೂ ವ್ಯತ್ಯಾಸ ಉಳಿಯುವುದಿಲ್ಲ. ಕನ್ನಡ ಓದಲು ಬಾರದ, ಆದರೆ ಮನೆಯಲ್ಲಿ ಕನ್ನಡ ಆಡುವ ಗಿರಾಕಿಗಳು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ ಎಂಬುದು ನಿಜ. ಅವರಿಗೆ ಧ್ವನಿ ಸಂದೇಶ ಕಳಿಸುವುದೇ ಉತ್ತಮ. ತಾಯಿಯ ದನಿಯಲ್ಲಿ ಅರ್ಧ ನಿಮಿಷದ ಮಾತು ಯಾವ ಲಿಪಿಯ ಹಂಗೂ ಇಲ್ಲದೆ ತಲಪುತ್ತದೆ. ಬರೆಯುವುದಾದರೆ ಕನ್ನಡ ಲಿಪಿಯಲ್ಲಿಯೇ ಬರೆಯಿರಿ. ರೋಮನ್‌ನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಹಳೆಯ ಸಂದೇಶವನ್ನು ಹುಡುಕುವುದೂ ಗಿರಾಕಿಗೆ ಕಷ್ಟ.

ಈಗ ಒಂದು ಮಾದರಿ. ನಮ್ಮ ಕಡೆ ಓಡಾಡುವ ಸಂದೇಶಗಳ ಧಾಟಿಯಲ್ಲಿ ನಾನೇ ಹೆಣೆದದ್ದು: ‘ನಮ್ಮಲ್ಲಿ ಉತ್ಕೃಷ್ಟ ದರ್ಜೆಯ ಖಡಕ್ ರೊಟ್ಟಿ ಉಪಲಬ್ಧವಿದೆ. ಭರಘೋಸ್ ಸವಲತ್ತು. ಘರಪೋಚ್ ಸೇವೆ. ತ್ವರೆ ಮಾಡಿ, ಇಂದೇ ಸಂಪರ್ಕಿಸಿ!!!’ ಮರಾಠಿ ಫಲಕವೊಂದರ ಅಕ್ಷರಗಳನ್ನಷ್ಟೇ ಇಲ್ಲಿ ಬದಲಿಸಿದಂತಿದೆ. ಅದಕ್ಕಿಂತ ದೊಡ್ಡ ಕೊರತೆ, ಗಿರಾಕಿಗೆ ಬೇಕಾದ ಒಂದು ಸಂಗತಿಯೂ ಇದರಲ್ಲಿ ಇಲ್ಲ. ಅದನ್ನೇ ಹೀಗೆ ಬರೆದರೆ:

‘ನಮಸ್ಕಾರ ರೀ. ಈ ಗುರುವಾರ ಬಿಳಿಜೋಳದ ಖಡಕ್ ರೊಟ್ಟಿ ಬಡಿಯುತ್ತೇವೆ. ಒಂದು ಕಟ್ಟಿಗೆ 20 ರೊಟ್ಟಿ, ಬೆಲೆ 160 ರೂಪಾಯಿ. ಸಂಗಡ ಶೇಂಗಾ ಹಿಂಡಿ ಬೇಕಿದ್ದರೆ ಕಾಲು ಕಿಲೋಕ್ಕೆ 80 ರೂಪಾಯಿ; ಖಾರ ಕಡಿಮೆ ಬೇಕೆಂದರೆ ಹಾಗೆಯೂ ಕುಟ್ಟಿ ಕೊಡುತ್ತೇವೆ. ಎಷ್ಟು ಕಟ್ಟು ಬೇಕೆಂದು ಬುಧವಾರ ಸಂಜೆ 6ರ ಒಳಗೆ ತಿಳಿಸಿರಿ. ಪುಣೆಯವರಿಗೆ ಶುಕ್ರವಾರ ಪಾರ್ಸೆಲ್ ಹೊರಡುತ್ತದೆ.’

ಇದರಲ್ಲಿ ‘ಉತ್ಕೃಷ್ಟ’ ಎಂಬ ಪದವಿಲ್ಲ, ಉದ್ಗಾರ ಚಿಹ್ನೆಯೂ ಇಲ್ಲ. ‘ರೀ’ ಎಂಬ ಒಂದಕ್ಷರ ಸಂಬಂಧವನ್ನು ಸ್ಥಾಪಿಸುತ್ತದೆ. ‘ಬಡಿಯುತ್ತೇವೆ’, ‘ಕುಟ್ಟಿ ಕೊಡುತ್ತೇವೆ’ ಎಂಬ ಕ್ರಿಯಾಪದಗಳು ಇದು ಕೈಕೆಲಸವೆಂದು ಹೇಳದೆಯೇ ಹೇಳುತ್ತವೆ. ದಿನ, ಲೆಕ್ಕ, ಬೆಲೆ ಮೂರೂ ತಿಳಿದಿರುವುದರಿಂದ ಗಿರಾಕಿ ‘ಎರಡು ಕಟ್ಟು’ ಎಂದು ಎರಡೇ ಪದ ಬರೆದರೆ ವ್ಯವಹಾರ ಮುಗಿಯಿತು. ಮೈಸೂರಿನ ಪಟ್ಟಿಗೆ ಕಳಿಸುವಾಗ ‘ಬಡಿಯುತ್ತೇವೆ’ ಹೋಗಿ ‘ತಟ್ಟುತ್ತೇವೆ’ ಬರಲಿ, ಖಡಕ್ ರೊಟ್ಟಿಯನ್ನು ಹೇಗೆ, ಎಷ್ಟು ದಿನ ಇಡಬಹುದೆಂಬ ಒಂದು ಸಾಲು ಸೇರಲಿ. ಬೆಲೆಯನ್ನು ಬಚ್ಚಿಟ್ಟು ‘ಬೆಲೆಗೆ ಸಂದೇಶ ಕಳಿಸಿ’ ಎನ್ನುವ ಪದ್ಧತಿ ಇನ್‌ಸ್ಟಾಗ್ರಾಮಿನಲ್ಲಿ ಹೆಚ್ಚಾಗಿದೆ. ನನಗೆ ಅದು ಸರಿಕಾಣದು. ಬೆಲೆ ಕೇಳಲು ನಾಚುವ ಗಿರಾಕಿ ಕೇಳದೆಯೇ ಮುಂದೆ ಸಾಗುತ್ತಾನೆ.

ಚಿತ್ರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಗಲು ಬೆಳಕಿನಲ್ಲಿ ತೆಗೆದ ನಿಮ್ಮದೇ ರೊಟ್ಟಿಯ ಚಿತ್ರ ಸಾಕು. ಅಂತರ್ಜಾಲದಿಂದ ಎತ್ತಿದ ಚಿತ್ರ ಬೇಡ. ಆಹಾರ ಪದಾರ್ಥ ಮಾರುವವರು ಮನೆಯಲ್ಲಿ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿ 14 ಅಂಕಿಯ ಸಂಖ್ಯೆ ಪಡೆಯಬೇಕು, ಅದು ಪೊಟ್ಟಣದ ಮೇಲೆ ಇರಬೇಕು. ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರಬೇಕೆಂಬ ನಿಯಮವಿದೆ, ಜೊತೆಗೆ ಬೇರೆ ಭಾಷೆಯಲ್ಲಿಯೂ ಹಾಕಬಹುದು. ಆ ‘ಜೊತೆಗೆ’ ಎಂಬಲ್ಲಿ ಕನ್ನಡಕ್ಕೆ ಜಾಗವಿದೆ. ನಾವು ಕೇಳದ ಹೊರತು ಅಚ್ಚುಮನೆಯವರು ಅದನ್ನು ಹಾಕುವುದಿಲ್ಲ.

ಸಂಪರ್ಕ ಬೆಳೆಸುವುದರಲ್ಲಿ ಬಹಳ ಮಂದಿ ಎಡವುವುದು ಅವಸರದಿಂದ. ಮದುವೆಯ ಬಳಗ, ಹಳೆಯ ವಿದ್ಯಾರ್ಥಿಗಳ ಬಳಗ, ದೇವಸ್ಥಾನದ ಬಳಗ ಎಂದು ಸಿಕ್ಕಲ್ಲೆಲ್ಲ ದಿನವೂ ರೊಟ್ಟಿಯ ಚಿತ್ರ ಹಾಕಿದರೆ ಜನ ನಿಮ್ಮ ಹೆಸರು ಕಂಡೊಡನೆ ಮುಂದೆ ಸರಿಯುತ್ತಾರೆ. ಕೇಳದೆ ಯಾರನ್ನೂ ಬಳಗಕ್ಕೆ ಸೇರಿಸಬೇಡಿ; ಅವರ ಸಂಖ್ಯೆ ಅಪರಿಚಿತರೆಲ್ಲರಿಗೂ ಕಾಣುತ್ತದೆ. ಸುಳ್ಳುಸುದ್ದಿಯ ಹಾವಳಿಯಿಂದಾಗಿ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡುವ ಮಿತಿ ಬಂದಿತು. ವ್ಯಾಪಾರಕ್ಕೆ ಇದರಿಂದ ಹಾನಿಯಾಯಿತೆಂದು ನನಗೆ ತೋರುವುದಿಲ್ಲ. ತಿಂದವರು ‘ಇವರ ರೊಟ್ಟಿ ಚೆನ್ನಾಗಿದೆ’ ಎಂದು ತಮ್ಮದೇ ಎರಡು ಮಾತು ಸೇರಿಸಿ ಒಬ್ಬರಿಗೆ ಕಳಿಸಿದರೆ, ಅದು ಮುಂದೂಡಿದ ನೂರು ಸಂದೇಶಗಳಿಗಿಂತ ಹೆಚ್ಚು ಬಾಳುತ್ತದೆ. ಸಂದೇಶಕ್ಕೊಂದು ಕಾಲವೂ ಇದೆ. ಎಳ್ಳಮಾವಾಸ್ಯೆಗೆ ಹೊಲದ ಊಟ, ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪಂಚಮಿಗೆ ಉಂಡಿ. ಊರು ಬಿಟ್ಟವರಿಗೆ ಹಬ್ಬಕ್ಕೆ ವಾರದ ಮುಂಚೆ ಊರು ನೆನಪಾಗುತ್ತದೆ. ಹಬ್ಬದ ದಿನ ಕಳಿಸಿದ ಸಂದೇಶ ಬರಿಯ ಶುಭಾಶಯವಾಗಿ ಉಳಿಯುತ್ತದೆ.

ಶಾಸನಗಳ ಪಾಠದಲ್ಲಿ ಐಹೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರನ್ನು ಕೇಳಿದ್ದೀರಿ. ಅವರ ಶಾಸನಗಳು ಕನ್ನಡದಲ್ಲಿವೆ, ತಮಿಳು ತೆಲುಗುಗಳಲ್ಲಿಯೂ ಇವೆ. ಅವುಗಳ ಪ್ರಶಸ್ತಿಭಾಗದಲ್ಲಿ ತಾವು ಯಾರು, ಯಾವ ಧರ್ಮಕ್ಕೆ ಬದ್ಧರು ಎಂಬುದನ್ನು ಆ ವರ್ತಕರು ವಿಸ್ತಾರವಾಗಿ ಹೇಳಿಕೊಳ್ಳುತ್ತಾರೆ. ವ್ಯಾಪಾರಿಯ ಆತ್ಮಪರಿಚಯದ ಗದ್ಯವೆಂದು ಆ ಭಾಗವನ್ನು ಮತ್ತೊಮ್ಮೆ ಓದಿ ನೋಡಿ. ವಾಟ್ಸ್‌ಆ್ಯಪ್ ಬಿಸಿನೆಸ್ಸಿನಲ್ಲಿ ‘ಪರಿಚಯ’ಕ್ಕೆಂದು ಇರುವ ಸಣ್ಣ ಜಾಗವನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ. ‘ಕನ್ನಡ ಓದಿ ಏನು ಮಾಡುತ್ತೀ’ ಎಂದು ಮನೆಯಲ್ಲಿ ಕೇಳಿದಾಗ ನಮ್ಮ ವಿದ್ಯಾರ್ಥಿಗಳು ಸುಮ್ಮನಾಗುವುದನ್ನು ಪ್ರವೇಶದ ದಿನಗಳಲ್ಲಿ ಪ್ರತಿವರ್ಷ ಕಾಣುತ್ತೇನೆ. ಅದೇ ಮನೆಯ ಆ ಖಾಲಿ ಜಾಗವನ್ನು ತುಂಬಬಲ್ಲವರು ಅವರು.

ಅಭ್ಯಾಸ: ನಿಮ್ಮ ಓಣಿಯ ಒಂದು ಸಣ್ಣ ವ್ಯಾಪಾರವನ್ನು ಆರಿಸಿಕೊಳ್ಳಿ: ರೊಟ್ಟಿ, ಟವೆಲ್, ಹಾಲು, ಹೊಲಿಗೆ ಯಾವುದಾದರೂ ಸರಿ. ಮಾಲೀಕರ ಒಪ್ಪಿಗೆ ಪಡೆದು ಅವರು ಕಳಿಸಿದ ಐದು ಸಂದೇಶಗಳನ್ನು ಓದಿ, ಅವುಗಳಲ್ಲಿ ಗಿರಾಕಿಗೆ ಉತ್ತರ ಸಿಗದೆ ಉಳಿಯುವ ಪ್ರಶ್ನೆಗಳನ್ನು ಗುರುತು ಮಾಡಿ. ಬಳಿಕ ಒಂದೇ ಸರಕಿಗೆ ಮೂರು ಸಂದೇಶ ಬರೆಯಿರಿ: ಊರಿನವರಿಗೆ ಮರಾಠಿಯಲ್ಲಿ, ಪುಣೆಯ ನಮ್ಮವರಿಗೆ ನಮ್ಮ ಕನ್ನಡದಲ್ಲಿ, ಮೈಸೂರಿನವರಿಗೆ ಅವರ ಕನ್ನಡದಲ್ಲಿ. ಯಾವುದೂ 50 ಪದಗಳನ್ನು ಮೀರಬಾರದು. ವಿಭಾಗಕ್ಕೆ ಒಪ್ಪಿಸುವ ಮೊದಲು ಅವನ್ನು ಆ ವ್ಯಾಪಾರ ಮಾಡುವವರ ಮುಂದೆ ಗಟ್ಟಿಯಾಗಿ ಓದಿ. ಅವರು ‘ನಾವು ಹೀಗೆ ಮಾತಾಡುವುದಿಲ್ಲ’ ಎಂದ ಕಡೆಯಲ್ಲೆಲ್ಲ ತಿದ್ದಿ ತನ್ನಿ.