ಬಾಗುವ ಮೈಗೆ ಬೇಕಾದದ್ದು ಬಲ

ಪುಟ್ಟಿ, ನಿನಗಿರುವುದು ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್, ಅದರಲ್ಲೂ ಕೀಲುಗಳು ಅತಿಯಾಗಿ ಬಾಗುವ ಬಗೆ ಎಂದು ಡಾಕ್ಟರು ಹೇಳಿದಾಗಿನಿಂದ ನೀನು ಮೆಟ್ಟಿಲು ಇಳಿಯುವುದಕ್ಕೂ ಹೆದರುತ್ತಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿಕೊಂಡಳು. ಭುಜ ಜಾರಿದ ನೋವು ಉಂಡವಳಿಗೆ ಭಯ ಸಹಜ. ಆದರೂ ಫಿಸಿಯೋಥೆರಪಿ ಮಾಡಿಸುತ್ತಲೇ ಕೂದಲು ನರೆಸಿಕೊಂಡ ದೊಡ್ಡಮ್ಮನ ಮಾತು ಸ್ವಲ್ಪ ಕೇಳು. ಮಲಗಿದರೆ ಈ ಕಾಯಿಲೆ ಹೆಚ್ಚುತ್ತದೆ.

ಮೂಳೆಗೆ ಮೂಳೆ ಕಟ್ಟುವ ನಿನ್ನ ಲಿಗಮೆಂಟುಗಳು ಹುಟ್ಟಿನಿಂದಲೇ ಸಡಿಲ. ಅವನ್ನು ಬಿಗಿ ಮಾಡುವ ಮಾತ್ರೆ ಇಲ್ಲ. ಚಪ್ಪರದ ಹಗ್ಗ ಸಡಿಲಾದಾಗ ಗಳ ಜಾರದಂತೆ ನಾಲ್ಕು ಜನ ಹಿಡಿದು ನಿಲ್ಲುತ್ತಾರಲ್ಲ, ನಿನ್ನ ಮೈಯಲ್ಲಿ ಆ ಕೆಲಸ ಸ್ನಾಯುಗಳದು. ನೀನು ಮಲಗಿದಷ್ಟೂ ಅವು ಸೊರಗುತ್ತವೆ, ಕೀಲು ಇನ್ನಷ್ಟು ಜಾರುತ್ತದೆ, ಆ ನೋವಿಗೆ ಹೆದರಿ ಮತ್ತೆ ಮಲಗುತ್ತೀಯ.

ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿ, ಹೆಬ್ಬೆರಳನ್ನು ಮುಂಗೈಗೆ ತಾಗಿಸಿ ಡಾಕ್ಟರು 9ಕ್ಕೆ ಅಂಕ ಹಾಕಿದರಲ್ಲ, ಬೈಟನ್ ಪರೀಕ್ಷೆ, ಆ ಕಸರತ್ತನ್ನು ಗೆಳತಿಯರ ಮುಂದೆ ಮಾಡಿ ತೋರಿಸುವುದನ್ನು ಇವತ್ತೇ ಬಿಡು. ಪ್ರತಿ ಸಲವೂ ಕೀಲನ್ನು ಅದರ ಕೊನೆಯ ಅಂಚಿಗೆ ತಳ್ಳುತ್ತಿದ್ದೀಯ.

ಯೋಗ ಬಿಡಬೇಕಾ ಎಂದು ಕೇಳಿದ್ದೆ. ಮೈಸೂರಿನವಳಿಗೆ ಯೋಗ ಬಿಡು ಎನ್ನಲು ನನಗೂ ಬಾಯಿ ಬರದು, ಬಿಡಬೇಕಾಗಿಯೂ ಇಲ್ಲ. ಪಶ್ಚಿಮೋತ್ತಾನಾಸನದಲ್ಲಿ ಹಣೆ ಮಂಡಿಗೆ ತಾಗಲೆಂದು ಉಳಿದವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಿನಗೆ ಮೊದಲ ದಿನವೇ ತಾಗುತ್ತದೆ. ಹಾಗಾಗಿ ನಿನ್ನ ಅಭ್ಯಾಸ ಅರ್ಧದಾರಿಯಲ್ಲಿ ನಿಂತು, ಅಲ್ಲೇ ಸ್ನಾಯು ಬಿಗಿಹಿಡಿಯುವುದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಮರದ ಇಟ್ಟಿಗೆ, ಬೆಲ್ಟು, ಕುರ್ಚಿಗಳನ್ನು ಆಸನಗಳಿಗೆ ಆಧಾರವಾಗಿ ಬಳಸಿ ಕಲಿಸಿದರು. ತ್ರಿಕೋನಾಸನದಲ್ಲಿ ಅಂಗೈ ನೆಲಕ್ಕೆ ಹೋಗುವ ಮೊದಲೇ ಆ ಇಟ್ಟಿಗೆ ಸಿಗುವಂತೆ ಇಟ್ಟುಕೋ. ಬೆನ್ನ ಮೇಲೆ ಕೈಯಿಟ್ಟು "ಇನ್ನೂ ಸ್ವಲ್ಪ" ಎಂದು ಒತ್ತುವ ಗುರುಗಳಿಗೆ ನಿನ್ನ ಕಾಯಿಲೆಯ ಹೆಸರು ಹೇಳಿಬಿಡು, ಸಂಕೋಚಪಡಬೇಡ.

ಮನೆಯಲ್ಲಿ ಹೀಗೆ ಶುರುಮಾಡು. ಉದ್ದ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಲ್ಲು. ಮಂಡಿಗಳು ಹಿಂದಕ್ಕೆ ಬಾಗಿ ಸಿಕ್ಕಿಕೊಂಡಿರುವುದು ಕಾಣುತ್ತದೆ. ತೊಡೆ ಬಿಗಿ ಮಾಡಿ ಅವನ್ನು ಒಂಚೂರು ಮುಂದೆ ತಾ. ಕನ್ನಡಿಯಲ್ಲಿ ಕಾಲು ನೆಟ್ಟಗಿರುತ್ತದೆ, ನಿನಗೆ ಮಾತ್ರ ಮಂಡಿ ಮಡಿಸಿ ನಿಂತಂತೆ ಅನ್ನಿಸುತ್ತದೆ. ಕೀಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದಿರುವುದೂ ಈ ಕಾಯಿಲೆಯಲ್ಲಿ ಸಾಮಾನ್ಯ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ ಹೀಗೆ ನಿಲ್ಲುವುದನ್ನು ರೂಢಿ ಮಾಡಿಕೋ. ಆಮೇಲೆ ಚಾಪೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೆಲ್ಲಗೆ ಒತ್ತಿ ಐದು ಎಣಿಸಿ ಬಿಡು. ಉಸಿರು ಕಟ್ಟಬೇಡ. ಅಂಗಾತ ಮಲಗಿ ಪಾದ ಊರಿ ಸೊಂಟ ಎತ್ತುವುದು, ಗೋಡೆಗೆ ಅಂಗೈ ಊರಿ ದಂಡ ಹೊಡೆಯುವುದು ಮುಂದಿನವು. ಗೋಡೆ ತಳ್ಳುವಾಗ ಮೊಣಕೈ ಪೂರ್ತಿ ಚಾಚಕೂಡದು.

ಎದ್ದು ನಿಂತರೆ ತಲೆ ಸುತ್ತಿ ಎದೆ ಡವಡವ ಎನ್ನುತ್ತದೆಯೇ? ಡಾಕ್ಟರಿಗೆ ಹೇಳು, ಮೊದಮೊದಲು ಮಲಗಿ, ಕೂತು ಮಾಡುವಂಥವನ್ನಷ್ಟೇ ಮಾಡು. ಮೈ ಹಗುರವಾಗಿದ್ದ ದಿನ ಹುರುಪಿನಲ್ಲಿ ಎರಡರಷ್ಟು ಮಾಡಿ ಮರುದಿನ ಏಳಲಾರದೆ ಬೀಳಬೇಡ. ಸ್ನಾಯು ಒಂದೆರಡು ದಿನ ನೋಯುವುದು ಸರಿ. ಕೀಲು ಊದಿದರೆ, ಜಾರಿದಂತಾದರೆ ನಿಲ್ಲಿಸಿ ತೋರಿಸು. ತಿಂಗಳುಗಳೇ ಹಿಡಿಯುತ್ತವಮ್ಮ, ಅವಸರಪಡಬೇಡ.

ಇನ್ನೊಂದು. ನಿನ್ನ ಕಾಲೇಜಿನ ಆ ಹುಡುಗನಿಗೆ ಮಾರ್ಫಾನ್ ಎಂದೆಯಲ್ಲ, ಇದನ್ನೇ ಅವನಿಗೆ ಹೇಳಿಕೊಡಬೇಡ. ಅದೂ ಸಂಯೋಜಕ ಅಂಗಾಂಶದ ಕಾಯಿಲೆಯೇ, ಆದರೆ ಅಲ್ಲಿ ಅಪಾಯ ಹೃದಯದಿಂದ ಹೊರಡುವ ಮಹಾಪಧಮನಿಗೆ. ಅದು ಹಿಗ್ಗುತ್ತಾ ಬಂದು ಒಳಪದರ ಸೀಳಬಹುದು. ಉಸಿರು ಬಿಗಿಹಿಡಿದು ಭಾರ ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಅದು ಅವನಿಗೆ ಬೇಡ. ಕಬಡ್ಡಿಯಂಥ ಮೈಗೆ ಮೈ ತಾಗುವ ಆಟವೂ ಬೇಡ. ಎಕೋ ಮಾಡಿಸಿ, ಹೃದಯದ ಡಾಕ್ಟರು ಒಪ್ಪಿದ ಮೇಲೆ, ಮಾತಾಡುತ್ತಾ ನಡೆಯುವಷ್ಟು ವೇಗದ ನಡಿಗೆ, ನಿಧಾನದ ಸೈಕಲ್ ಸಾಕು. ಎದೆಯಲ್ಲೋ ಬೆನ್ನಲ್ಲೋ ಸೀಳಿದಂಥ ನೋವು ಹಠಾತ್ತನೆ ಬಂದರೆ ನೇರ ಆಸ್ಪತ್ರೆಗೆ ಓಡಬೇಕು.

1984ರ ಒಲಿಂಪಿಕ್ಸಿನಲ್ಲಿ ಅಮೆರಿಕಕ್ಕೆ ಬೆಳ್ಳಿ ತಂದ ತಂಡದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ತೀರಿಕೊಂಡಳು. ವಯಸ್ಸು 31. ಮಾರ್ಫಾನ್ ಇದ್ದದ್ದು ಮರಣೋತ್ತರ ಪರೀಕ್ಷೆಯಲ್ಲಷ್ಟೇ ತಿಳಿಯಿತು. ಆಮೇಲೆ ಅವಳ ಸೋದರನನ್ನು ಪರೀಕ್ಷಿಸಿದಾಗ ಅವನಲ್ಲೂ ಅದೇ ಸಿಕ್ಕಿ, ಶಸ್ತ್ರಚಿಕಿತ್ಸೆಯಾಯಿತು. ತಾಯಿತಂದೆಯರಲ್ಲಿ ಒಬ್ಬರಿಗೆ ಮಾರ್ಫಾನ್ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿನ್ನ ಕಾಲೇಜಿನ ಆ ಹುಡುಗನ ಮನೆಯವರೆಲ್ಲ ಎಕೋ ಮಾಡಿಸಿಕೊಂಡಿದ್ದಾರಾ ಕೇಳು. ನಿನ್ನ ಬಗೆಯೂ ಸಂಸಾರದಲ್ಲಿ ಹರಿದು ಬರುವಂಥದ್ದೇ, ಹಾಗಾಗಿ ಪದೇಪದೇ ಕಾಲು ಉಳುಕಿಸಿಕೊಳ್ಳುವ ನಿನ್ನ ತಮ್ಮನನ್ನೂ ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಜೊತೆಗೆ ಕರೆದುಕೊಂಡು ಹೋಗು.